ಬಾಲಿಯ ಗದ್ದೆಗಳಲ್ಲಿ ನೀರಿನ ಹಾದಿ ಹಿಡಿದು

ಬಾಲಿಗೆ ಹೋಗಿಬಂದವರ ಮೊಬೈಲಿನಲ್ಲಿ ಮೆಟ್ಟಿಲುಗದ್ದೆಯ ಫೋಟೋ ಇದ್ದೇ ಇರುತ್ತದೆ. ಬಳುಕುವ ಬದುಗಳು, ನಡುನಡುವೆ ತೆಂಗಿನ ಮರ, ಹಿಂದೆ ಮಂಜು ಮುಸುಕಿದ ಬೆಟ್ಟ. ಆ ಫೋಟೋದಲ್ಲಿ ನೀರಿನ ಲೆಕ್ಕ ಕಾಣುವುದಿಲ್ಲ. ಬದುವಿನ ಪಕ್ಕದಲ್ಲೇ ಒಂದು ಕಿರುಗಾಲುವೆ ಹರಿಯುತ್ತಿರುತ್ತದೆ. ಅದು ಯಾರ ಗದ್ದೆಗೆ ಯಾವಾಗ ತಿರುಗಬೇಕು, ಯಾವ ತಿಂಗಳು ಯಾರೂ ನಾಟಿ ಮಾಡದೆ ನೆಲಕ್ಕೆ ಬಿಡುವು ಕೊಡಬೇಕು ಎಂಬುದನ್ನು ರೈತರೇ ಕೂತು ಮಾತಾಡಿ ಗೊತ್ತುಮಾಡಿರುತ್ತಾರೆ. ನಾವು ಅಲ್ಲಿ ಕಂಡ ದೇವಸ್ಥಾನ, ಹಬ್ಬ, ನೈವೇದ್ಯಗಳಲ್ಲಿ ಬಹಳಷ್ಟು ಈ ಮಾತುಕತೆಯ ಸುತ್ತಲೇ ಬೆಳೆದವು ಎಂಬುದು ಪ್ರವಾಸ ಮುಗಿಯುವ ಹೊತ್ತಿಗೆ ನನಗೆ ಮನದಟ್ಟಾಗಿತ್ತು.

ಹೋದದ್ದು ಬೆಂಗಳೂರಿನ ಟ್ರಾವೆಲ್ಸ್ ಒಂದರ ಗುಂಪು ಪ್ರವಾಸದಲ್ಲಿ. ಅಕ್ಕ, ಭಾವ, ನಾನು. ಜೊತೆಗೆ ಬ್ಯಾಂಕಿನಿಂದ ನಿವೃತ್ತರಾದ ದಂಪತಿ, ಒಬ್ಬರು ಶಾಲಾ ಮೇಷ್ಟ್ರು ಮತ್ತು ಅವರ ಮನೆಯವರು, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರ ಕುಟುಂಬ, ತಾಯಿಯನ್ನು ಮೊದಲ ಬಾರಿ ವಿಮಾನ ಹತ್ತಿಸಿದ್ದ ಒಬ್ಬ ಹುಡುಗಿ. ಗುಂಪಿನಲ್ಲಿ ಹೋಗುವುದೆಂದರೆ ಮೂಗು ಮುರಿಯುವವರಿದ್ದಾರೆ. ನನಗೆ ಅದರಲ್ಲಿ ದೊಡ್ಡ ಲಾಭ ಕಂಡಿದೆ. ಒಬ್ಬರೇ ಹೋದರೆ ನಮ್ಮ ಕಣ್ಣಿಗೆ ಬಿದ್ದದ್ದು ಮಾತ್ರ ನಮ್ಮದು. ಇಲ್ಲಿ ಕಾಫಿ ಬೆಳೆಗಾರರು ಬಸ್ಸಿನ ಕಿಟಕಿಯಿಂದಲೇ ನೆರಳಿನ ಮರ ಗುರುತಿಸುತ್ತಿದ್ದರು, ಮೇಷ್ಟ್ರು ಯಾವ ಸಂಕೋಚವೂ ಇಲ್ಲದೆ ಪ್ರಶ್ನೆ ಕೇಳುತ್ತಿದ್ದರು, ಭಾವನಿಗೆ ನೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವರು ಸಣ್ಣ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳ ಏರಿ, ತೂಬು, ಕೋಡಿಗಳನ್ನು ನೋಡುತ್ತಲೇ ಕೆಲಸದ ವರ್ಷಗಳನ್ನು ಕಳೆದವರು. ಈ ಪ್ರವಾಸ ನನ್ನ ಪಾಲಿಗೆ ಇಷ್ಟು ತೂಕದ್ದಾಗಲು ಅರ್ಧ ಕಾರಣ ಭಾವ, ಇನ್ನರ್ಧ ನಮ್ಮ ಗೈಡ್.

ಗೈಡ್ ತಬಾನನ್ ಜಿಲ್ಲೆಯ ರೈತರ ಮನೆಯವರು. ‘ನನ್ನನ್ನು ಬ್ಲಿ ಅನ್ನಿ ಸಾಕು’ ಎಂದರು. ಅಲ್ಲಿ ಅಣ್ಣನನ್ನು ಹಾಗೆ ಕರೆಯುತ್ತಾರೆ. ಹೆಸರು ಹೇಳಿದರೆ ಬಾಲಿಯಲ್ಲಿ ಗೊಂದಲವೇ ಹೆಚ್ಚು: ಹೆಚ್ಚಿನ ಮನೆಗಳಲ್ಲಿ ಮೊದಲ ಮಗು ವಯಾನ್, ಎರಡನೆಯದು ಮಡೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಯಾನ್‌ನಿಂದ ಶುರು. ಗಂಡೋ ಹೆಣ್ಣೋ, ಹೆಸರು ಒಂದೇ.

ದ್ವೀಪ ಚಿಕ್ಕದು. ಕೊಡಗಿಗಿಂತ ದೊಡ್ಡದು, ಹಾಸನ ಜಿಲ್ಲೆಗಿಂತ ಚಿಕ್ಕದು. 2020ರ ಜನಗಣತಿಯ ಪ್ರಕಾರ ಅಲ್ಲಿರುವವರು 43 ಲಕ್ಷ ಜನ. ನಡುವೆ ಸಾಲಾಗಿ ಜ್ವಾಲಾಮುಖಿಗಳು. ಅವುಗಳಲ್ಲಿ ಎತ್ತರದ್ದಾದ ಅಗುಂಗ್ 3,000 ಮೀಟರು ದಾಟುತ್ತದೆ. 1963ರಲ್ಲಿ ಅದು ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು, 2017ರಲ್ಲಿ ಮತ್ತೆ ಬೂದಿ ಉಗುಳಿ ವಿಮಾನ ನಿಲ್ದಾಣ ಮುಚ್ಚಿಸಿತು. ಆ ಬೂದಿಯೇ ಗದ್ದೆಯ ಮಣ್ಣು. ಜನರನ್ನು ಸುಟ್ಟ ಬೆಟ್ಟವೇ ಅವರಿಗೆ ಅನ್ನವನ್ನೂ ಕೊಡುತ್ತದೆ. ಅವರು ಮಲಗುವಾಗ ತಲೆಯನ್ನು ಬೆಟ್ಟದ ದಿಕ್ಕಿಗೋ ಪೂರ್ವಕ್ಕೋ ಹಾಕುತ್ತಾರೆ, ಕಾಲನ್ನು ಆ ಕಡೆ ಚಾಚುವುದಿಲ್ಲ.

ಮೊದಲ ಬೆಳಗ್ಗೆ ಹೋಟೆಲಿನ ಬಾಗಿಲ ಮುಂದೆ, ಅಂಗಡಿಯ ಮೆಟ್ಟಿಲ ಮೇಲೆ, ನಮ್ಮ ಬಸ್ಸಿನ ಡ್ಯಾಶ್‌ಬೋರ್ಡಿನ ಮೇಲೂ ಎಳೆಯ ತೆಂಗಿನ ಗರಿಯಲ್ಲಿ ಹೆಣೆದ ಅಂಗೈಯಗಲದ ತಟ್ಟೆಗಳಿದ್ದವು. ಚಾನಾಂಗ್ ಸಾರಿ ಅನ್ನುತ್ತಾರೆ. ಬಿಳಿ ಹೂವು ಪೂರ್ವಕ್ಕೆ, ಕೆಂಪು ದಕ್ಷಿಣಕ್ಕೆ, ಹಳದಿ ಪಶ್ಚಿಮಕ್ಕೆ, ನೀಲಿ ಅಥವಾ ಹಸಿರು ಉತ್ತರಕ್ಕೆ. ಮೇಲೆ ಊದುಬತ್ತಿ. ಅಕ್ಕ ಬಗ್ಗಿ ನೋಡಿ, ಹೂವಿನಡಿ ಏನೋ ಮಡಿಸಿಟ್ಟಿದ್ದಾರಲ್ಲ ಎಂದಳು. ಬ್ಲಿ ಬಿಡಿಸಿ ತೋರಿಸಿದರು: ವೀಳ್ಯದೆಲೆ, ಸುಣ್ಣ, ಅಡಿಕೆ. ನಮ್ಮ ಗುಂಪಿನ ಹೆಂಗಸರಿಗೆ ಅದಾದ ಮೇಲೆ ಆ ಊರು ಪರಸ್ಥಳ ಅನ್ನಿಸಲೇ ಇಲ್ಲ. ತಾಂಬೂಲವಿಲ್ಲದೆ ಶುಭಕಾರ್ಯವಿಲ್ಲ ಎಂದು ನಂಬಿದ ಮನೆಗಳಿಂದ ಹೋದವರು ನಾವು. ಇಷ್ಟು ದೂರದ ಸಮುದ್ರದಾಚೆ ದಿನಾ ಬೆಳಗ್ಗೆ ಅದೇ ತಾಂಬೂಲ ಸಿದ್ಧವಾಗುತ್ತಿದೆ. ಅಡುಗೆಯಾದ ಮೇಲೆ ಮನೆಯವರು ಉಣ್ಣುವ ಮೊದಲು ಬಾಳೆಲೆ ಚೂರಿನಲ್ಲಿ ಒಂದಿಷ್ಟು ಅನ್ನವನ್ನು ಒಲೆಗೆ, ನೀರಿನ ಹಂಡೆಗೆ, ಬಾಗಿಲಿಗೆ ಇಡುವ ಪದ್ಧತಿಯೂ ಇದೆ. ಭತ್ತದ ದೇವಿಯ ಹೆಸರು ಅಲ್ಲಿ ದೇವಿ ಶ್ರೀ.

ದೇವಸ್ಥಾನಕ್ಕೆ ಹೋದಾಗ ಮೇಷ್ಟ್ರ ಪ್ರಶ್ನೆ: ‘ಗರ್ಭಗುಡಿ ಎಲ್ಲಿ? ಮೂರ್ತಿ ಎಲ್ಲಿ?’ ಒಳ್ಳೆಯ ಪ್ರಶ್ನೆ. ಬಾಲಿಯ ದೇವಸ್ಥಾನ ಸೂರಿಲ್ಲದ ಅಂಗಳ. ಒಂದರ ಒಳಗೊಂದು ಪ್ರಾಕಾರ, ಕೊನೆಯದರಲ್ಲಿ ಹುಲ್ಲು ಅಥವಾ ಕರಿನಾರಿನ ಹೊದಿಕೆಯ, ಬೆಸ ಸಂಖ್ಯೆಯ ಅಂತಸ್ತುಗಳ ಮೇರುಗಳು, ಜೊತೆಗೆ ಪದ್ಮಾಸನ ಎಂಬ ಎತ್ತರದ ಕಲ್ಲಿನ ಪೀಠ. ಪೀಠ ಖಾಲಿ. ದೇವರು ಅಲ್ಲೇ ವಾಸವಿರುವುದಿಲ್ಲ, ಉತ್ಸವದ ದಿನ ಕರೆದಾಗ ಇಳಿದು ಬರುತ್ತಾರೆ, ಸೇವೆ ಪಡೆದು ಮರಳುತ್ತಾರೆ. ಬಹಳಷ್ಟು ದೇವಸ್ಥಾನಗಳಲ್ಲಿ ಈ ಉತ್ಸವ 210 ದಿನಕ್ಕೊಮ್ಮೆ. ಪಾವುಕೊನ್ ಎಂಬ ಅವರ ಪಂಚಾಂಗ ಅಷ್ಟು ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ. ಹಳೆಯ ತಳಿಯ ಭತ್ತ ಸಸಿಮಡಿಯಿಂದ ಕುಯ್ಲಿನವರೆಗೆ ಹೆಚ್ಚುಕಡಿಮೆ ಅಷ್ಟೇ ಕಾಲ ತೆಗೆದುಕೊಳ್ಳುತ್ತಿತ್ತು ಎನ್ನುತ್ತಾರೆ ಅಲ್ಲಿನವರು. ಇಡೀ ಪ್ರವಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮೊದಲ ಸುಳಿವು ಇದು. ಹಬ್ಬದ ಲೆಕ್ಕ ಆಕಾಶದಿಂದ ಮಾತ್ರ ಬಂದದ್ದಾಗಿರಲಿಲ್ಲ, ಗದ್ದೆಯಿಂದಲೂ ಬಂದಿತ್ತು.

ಆಕಾಶದ ಲೆಕ್ಕವೂ ಅವರಿಗಿದೆ, ಅದು ನಮ್ಮದೇ ಶಕವರ್ಷ. 2023ರ ಮಾರ್ಚ್ 22ರಂದು ನಮ್ಮಲ್ಲಿ ಯುಗಾದಿ, ಅಲ್ಲಿ ನ್ಯೆಪಿ. ಎರಡೂ ಕಡೆ ಶುರುವಾದದ್ದು ಶಕ 1945. ಅಧಿಕಮಾಸ ಬೀಳುವ ಲೆಕ್ಕ ಬೇರೆಯಾದ್ದರಿಂದ ಎಲ್ಲ ವರ್ಷವೂ ಹೀಗಾಗುವುದಿಲ್ಲ. 2024ರಲ್ಲಿ ಅವರದು ಮಾರ್ಚ್ 11, ನಮ್ಮದು ಏಪ್ರಿಲ್ 9. ನ್ಯೆಪಿಯ ದಿನ ಬೆಂಕಿ ಹಚ್ಚುವಂತಿಲ್ಲ, ಕೆಲಸವಿಲ್ಲ, ಓಡಾಟವಿಲ್ಲ, ಮನರಂಜನೆಯಿಲ್ಲ. ವಿಮಾನ ನಿಲ್ದಾಣ 24 ಗಂಟೆ ಮುಚ್ಚುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಾರೆ. ಇಷ್ಟು ಪ್ರವಾಸಿಗರನ್ನು ನಂಬಿ ಬದುಕುವ ದ್ವೀಪ ವರ್ಷಕ್ಕೊಂದು ದಿನ ಎಲ್ಲರಿಗೂ ‘ಒಳಗೆ ಇರಿ’ ಎನ್ನುತ್ತದೆ. ನಾನು ಇದನ್ನು ಬಹಳ ಗೌರವದಿಂದ ನೋಡುತ್ತೇನೆ.

ಡೆನ್‌ಪಸಾರ್ ನಗರದಲ್ಲಿ ನಮ್ಮ ಬಸ್ಸು ನಿಲ್ಲಲಿಲ್ಲ. ಕಿಟಕಿಯಿಂದಲೇ ಬ್ಲಿ ಒಂದು ಮೈದಾನ ತೋರಿಸಿದರು. 1906ರ ಸೆಪ್ಟೆಂಬರ್ 20ರಂದು ಡಚ್ ಸೈನ್ಯ ನಗರಕ್ಕೆ ನುಗ್ಗಿದಾಗ ಬಾದುಂಗ್‌ನ ಅರಸ ತನ್ನ ಪರಿವಾರದೊಂದಿಗೆ ಬಿಳಿಬಟ್ಟೆ ಉಟ್ಟು ಬಂದೂಕುಗಳ ಎದುರಿಗೇ ನಡೆದು ಹೋದ. ಹೆಂಗಸರು, ಮಕ್ಕಳು ಸೇರಿ ನೂರಾರು ಜನ ಅಲ್ಲೇ ಸತ್ತರು. 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲಿ ಮತ್ತೆ ಹೀಗೇ ಆಯಿತು. ಹೀಗೆ ಸಾಯುವವರೆಗೆ ಎದುರಿಸಿದ್ದನ್ನು ಪುಪುತಾನ್ ಎನ್ನುತ್ತಾರೆ. ಯುರೋಪಿನಲ್ಲಿ ಇದು ಡಚ್ಚರಿಗೆ ಕೆಟ್ಟ ಹೆಸರು ತಂದಿತು. ಅದಾಗಿ ಕೆಲವೇ ವರ್ಷಗಳಲ್ಲಿ ಅದೇ ಡಚ್ಚರು ಬಾಲಿಯನ್ನು ನೃತ್ಯ, ದೇವಸ್ಥಾನ, ನಗುಮುಖಗಳ ಸ್ವರ್ಗವೆಂದು ಜಗತ್ತಿಗೆ ಪರಿಚಯಿಸತೊಡಗಿದರು. 1920ರ ದಶಕದಲ್ಲಿ ಹಡಗುಗಳು ಪ್ರವಾಸಿಗರನ್ನು ತಂದವು, 1928ರಲ್ಲಿ ಡೆನ್‌ಪಸಾರ್‌ನಲ್ಲಿ ಬಾಲಿ ಹೋಟೆಲ್ ತೆರೆಯಿತು. ಇವತ್ತು ನಮ್ಮ ಕೈಗೆ ಬರುವ ಬ್ರೋಷರಿನ ಬಾಲಿ ಹುಟ್ಟಿದ್ದು ಆಗ. ಆ ಮೈದಾನದಲ್ಲಿ ಈಗ ಒಂದು ಸ್ಮಾರಕವಿದೆ. ಪ್ರತಿ ಗುಂಪೂ ಅಲ್ಲಿ ಅರ್ಧಗಂಟೆ ಇಳಿಯಬೇಕು ಎನ್ನುವುದು ನನ್ನ ಅಭಿಪ್ರಾಯ. ಅಷ್ಟು ಹೊತ್ತು ಮಾಲ್‌ನಲ್ಲಿ ಕಳೆಯುವುದಿಲ್ಲವೆ?

ತಂಪಕ್‌ಸಿರಿಂಗ್‌ನ ತೀರ್ಥ ಎಂಪುಲ್‌ನಲ್ಲಿ ಭಾವ ಗುಂಪಿನಿಂದ ತಪ್ಪಿಸಿಕೊಂಡರು. ಎಲ್ಲರೂ ಸೊಂಟಕ್ಕೆ ಹಸಿರು ಬಟ್ಟೆ ಸುತ್ತಿ, ಕೊಳದಲ್ಲಿ ಸಾಲಾಗಿ ನಿಂತು ಒಂದೊಂದೇ ಬಾಯಿಯ ನೀರಿಗೆ ತಲೆಯೊಡ್ಡುತ್ತಿದ್ದೆವು. ಅಕ್ಕ ತಿರುಗಿ ನೋಡಿದರೆ ಗಂಡ ಇಲ್ಲ. ಅವರು ಒಳಾಂಗಣದಲ್ಲಿ, ನೀರು ಹುಟ್ಟುವ ಕೊಳದ ಹತ್ತಿರ ನಿಂತಿದ್ದರು. ತಳದ ಕರಿಮರಳು ಕುದಿಯುವ ಹಾಗೆ ಏಳುತ್ತಿತ್ತು, ನೀರು ಮಾತ್ರ ಕನ್ನಡಿ. ‘ನೋಡಮ್ಮ, ಇದು ಬರೀ ಸ್ನಾನದ ನೀರಲ್ಲ. ಇಷ್ಟು ಹರಿವು ಸುಮ್ಮನೆ ಬಿಡೋದಿಲ್ಲ ಯಾರೂ. ಮುಂದೆ ಎಲ್ಲಿಗೆ ಹೋಗುತ್ತೆ ಕೇಳು’ ಎಂದರು. ಬ್ಲಿಗೆ ಈ ಪ್ರಶ್ನೆ ಬಹಳ ಖುಷಿ ಕೊಟ್ಟಿತು. ಸ್ನಾನದ ಕೊಳ ದಾಟಿದ ನೀರು ಪಕೆರಿಸಾನ್ ಹೊಳೆಯ ಕಣಿವೆಯ ಗದ್ದೆಗಳಿಗೆ ಹೋಗುತ್ತದೆ. ಈ ಊಟೆಯನ್ನು ಕಟ್ಟಿದ ಬಗ್ಗೆ ಕ್ರಿ.ಶ. 962ರ ಶಾಸನವಿದೆ. ಸಾವಿರ ವರ್ಷ ದಾಟಿದೆ, ನೀರೂ ಗದ್ದೆಯೂ ಇನ್ನೂ ಇವೆ.

ಅಲ್ಲಿಂದ ಸ್ವಲ್ಪವೇ ಕೆಳಗೆ ಗುನುಂಗ್ ಕವಿ. ಮುನ್ನೂರರ ಹತ್ತಿರ ಮೆಟ್ಟಿಲಿಳಿಯಬೇಕು. ಅದಕ್ಕೇ ಬಹಳ ಗುಂಪುಗಳು ಅದನ್ನು ಕೈಬಿಡುತ್ತವೆ. ನಮ್ಮಲ್ಲೂ ಕೆಲವರು ಮೇಲೇ ಎಳನೀರು ಕುಡಿಯುತ್ತ ಕೂತರು. ಇಳಿದವರಿಗೆ ಬಂಡೆಯಲ್ಲೇ ಕೊರೆದ, ಏಳು ಮೀಟರಿನಷ್ಟು ಎತ್ತರದ 11ನೇ ಶತಮಾನದ ಗುಡಿಯ ಮುಖಗಳು ಹೊಳೆಯ ಎರಡೂ ದಡದಲ್ಲಿ ಕಂಡವು. ನನಗೆ ಅವುಗಳಿಗಿಂತ ಹೆಚ್ಚು ನೆನಪಿರುವುದು ಮೆಟ್ಟಿಲಿನ ಪಕ್ಕದ ಗದ್ದೆಗಳು. ಹೊಳೆ ಆಳದಲ್ಲಿ, ಗದ್ದೆ ಎತ್ತರದಲ್ಲಿ. ಹಾಗಾದರೆ ನೀರು ಹತ್ತಿದ್ದು ಹೇಗೆ? ಹತ್ತುವುದಿಲ್ಲ. ಬೆಂಕಿಬೆಟ್ಟಗಳ ಮೃದುಕಲ್ಲನ್ನು ಹೊಳೆಗಳು ಆಳಕ್ಕೆ ಕೊರೆದುಕೊಂಡು ಹೋಗಿವೆ. ಅದಕ್ಕೆ ರೈತರು ಹೊಳೆಯ ಮೇಲ್ಭಾಗದಲ್ಲೆಲ್ಲೋ ಕಟ್ಟೆ ಹಾಕಿ, ಗುಡ್ಡದೊಳಗೆ ಸುರಂಗ ತೋಡಿ, ಇಳಿಜಾರನ್ನು ಕೂದಲೆಳೆಯಷ್ಟು ಉಳಿಸಿಕೊಂಡು ನೀರನ್ನು ಗದ್ದೆಯ ನೆತ್ತಿಗೆ ತರುತ್ತಾರೆ. 9ನೇ ಶತಮಾನದ ಕೊನೆಯ ಶಾಸನದಲ್ಲೇ ಸುರಂಗ ತೋಡುವ ಕುಶಲಿಗಳ ಪ್ರಸ್ತಾಪ ಬರುತ್ತದೆ. ಭಾವ ಮೆಟ್ಟಿಲ ಮೇಲೆ ಕೂತು, ಮೊಣಕಾಲು ಒತ್ತಿಕೊಳ್ಳುತ್ತ, ಆ ಕಾಲುವೆಯ ಮಟ್ಟವನ್ನು ಬಹಳ ಹೊತ್ತು ನೋಡಿದರು.

ತೆಗಲ್ಲಾಲಾಂಗ್‌ನ ಗದ್ದೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರವಾಸಿಗರ ಊರಾದ ಉಬುದ್‌ಗೆ ಹತ್ತಿರ, ಚೆಂದವೂ ಇವೆ. ಆದರೆ ಈಗ ಅಲ್ಲಿ ಜೋಕಾಲಿ, ಉದ್ದ ಸೆರಗಿನ ಬಾಡಿಗೆ ಗೌನು, ಕೆಫೆಗಳದೇ ಕಾರುಬಾರು. ಕಾಫಿ ತೋಟವೆಂದು ಇಳಿಸಿದ ಜಾಗದಲ್ಲಿ ಪುನುಗು ಬೆಕ್ಕನ್ನು ಪಂಜರದಲ್ಲಿಟ್ಟಿದ್ದರು. ಹಗಲು ಮಲಗಿ ರಾತ್ರಿ ಕಾಡು ತಿರುಗುವ ಪ್ರಾಣಿ ಅದು. ಅದಕ್ಕೆ ಕಾಫಿ ಹಣ್ಣು ತಿನ್ನಿಸಿ, ಹಿಕ್ಕೆಯಿಂದ ಬೀಜ ತೆಗೆದು ದುಬಾರಿ ಬೆಲೆಗೆ ಮಾರುತ್ತಾರೆ. ಸಕಲೇಶಪುರದವರು ಮೊದಲು ಎದ್ದು ಹೊರಗೆ ಬಂದರು, ಹಿಂದೆ ನಾವೆಲ್ಲ. ಯಾರೂ ಆ ಕಾಫಿ ಕೊಳ್ಳಲಿಲ್ಲ. ಗುಂಪಿನಲ್ಲಿ ಹೋಗುವುದರ ಬಲ ಇದು ಕೂಡ: ಒಬ್ಬರು ಬೇಡವೆಂದರೆ ಅಂಗಡಿಯವರಿಗೆ ಏನೂ ಅನ್ನಿಸುವುದಿಲ್ಲ, ಇಡೀ ಬಸ್ಸು ಬೇಡವೆಂದರೆ ಗಮನಕ್ಕೆ ಬರುತ್ತದೆ.

ಬೆರಾತಾನ್ ಸರೋವರದ ದೇವಸ್ಥಾನ ಎಲ್ಲರಿಗೂ ಗೊತ್ತು, ಇಂಡೊನೇಷ್ಯಾದ ಹಿಂದಿನ 50,000 ರುಪಿಯಾ ನೋಟಿನ ಹಿಂಬದಿಯಲ್ಲಿದ್ದದ್ದು ಅದೇ. ನೀರಿನ ನಡುವೆ 11 ಅಂತಸ್ತಿನ ಮೇರು. ಫೋಟೋ ತೆಗೆದುಕೊಳ್ಳುವವರ ನಡುವೆ ಬಿಳಿಬಟ್ಟೆಯ ಒಂದಷ್ಟು ರೈತರು ಬಿದಿರಿನ ಕೊಳವೆಗಳಲ್ಲಿ ತೀರ್ಥ ತುಂಬಿಸಿಕೊಳ್ಳುತ್ತಿದ್ದರು. ಸರೋವರದ ದೇವಿಯಿಂದ ಒಯ್ದ ಆ ತೀರ್ಥವನ್ನು ತಮ್ಮ ಕಾಲುವೆಯ ಬಾಯಿಗೆ, ಆಮೇಲೆ ಗದ್ದೆಗೆ ಚಿಮುಕಿಸುತ್ತಾರೆ. ಪೂರ್ವದ ಬಾತುರ್ ಸರೋವರಕ್ಕೆ ಇದಕ್ಕಿಂತ ದೊಡ್ಡ ಸ್ಥಾನವಿದೆ. ಅದರಿಂದ ಹೊರಹರಿಯುವ ಹೊಳೆಯೇ ಇಲ್ಲ. ಬೆಟ್ಟದೊಳಗೆ ಇಂಗಿದ ನೀರು ಎಷ್ಟೋ ಕೆಳಗೆ ಊಟೆಗಳಾಗಿ ಏಳುತ್ತದೆ. ಮೇಲಿನ ಸರೋವರಕ್ಕೂ ಕೆಳಗಿನ ಊಟೆಗೂ ಸಂಬಂಧವಿದೆ ಎಂದು ರೈತರು ತಮ್ಮ ಪೂಜೆಯಲ್ಲೇ ಹೇಳುತ್ತ ಬಂದಿದ್ದಾರೆ. 1926ರಲ್ಲಿ ಬಾತುರ್ ಬೆಟ್ಟದ ಲಾವಾ ಅಲ್ಲಿನ ದೇವಸ್ಥಾನವನ್ನು ನುಂಗಿದಾಗ ಜನ ಅದನ್ನು ಬೆಟ್ಟದ ಅಂಚಿಗೆ ತಂದು ಮತ್ತೆ ಕಟ್ಟಿದರು.

ಇನ್ನು ಜಾತಿಲುವಿಹ್. ನಾನು ಹೇಳಬೇಕೆಂದಿರುವುದೆಲ್ಲ ಇಲ್ಲಿದೆ.

ಬಾತುಕರು ಬೆಟ್ಟದ ತೆಂಕಣ ಮಗ್ಗುಲಿನಲ್ಲಿ, ಸುಮಾರು 700 ಮೀಟರು ಎತ್ತರದಲ್ಲಿ, ಕಣ್ಣು ಹಾಯಿಸಿದಷ್ಟೂ ಗದ್ದೆ. ನಮ್ಮ ಪಟ್ಟಿಯಲ್ಲಿ ಇದಕ್ಕೆ ಊಟವೂ ಸೇರಿ ಒಂದೂವರೆ ಗಂಟೆ ಇತ್ತು. ಭಾವ, ಮೇಷ್ಟ್ರು, ಸಕಲೇಶಪುರದವರು ಸೇರಿ ಟೂರ್ ಮ್ಯಾನೇಜರನ್ನು ಒಪ್ಪಿಸಿದರು: ಸಂಜೆಯ ಶಾಪಿಂಗ್ ಬೇಡ, ಇಲ್ಲಿ ನಡೆಯೋಣ. ಬ್ಲಿ ಬದುಗಳ ಮೇಲೆ ಕರೆದೊಯ್ದರು. ಕೆಲವು ಮಡಿಗಳಲ್ಲಿ ತೆನೆ ಬಾಗಿತ್ತು, ಇಲ್ಲಿ ಈಗಲೂ ಎತ್ತರದ ದಂಟಿನ ಕೆಂಪಕ್ಕಿ ಭತ್ತ ಬೆಳೆಯುತ್ತಾರೆ. ಹಿಂದೆ ಇದನ್ನು ಕುಡುಗೋಲಿನಿಂದ ಕುಯ್ಯುತ್ತಿರಲಿಲ್ಲವಂತೆ. ಬೆರಳ ಸಂದಿಯಲ್ಲಿ ಅಡಗುವ ಪುಟ್ಟ ಅಲಗು, ಆನಿ ಆನಿ, ಅದರಿಂದ ಒಂದೊಂದೇ ತೆನೆ ಕತ್ತರಿಸುತ್ತಿದ್ದರು. ದೊಡ್ಡ ಕತ್ತಿ ಕಂಡರೆ ದೇವಿ ಶ್ರೀ ಬೆದರುತ್ತಾಳೆ ಎಂದು. ಕುಯ್ದ ಗದ್ದೆಗೆ ಬಾತುಕೋಳಿಗಳ ಹಿಂಡು ಇಳಿದು ಉದುರಿದ ಕಾಳನ್ನೂ ಹುಳುವನ್ನೂ ಆರಿಸುತ್ತಿತ್ತು.

ಕಾಲುವೆ ಎರಡಾಗಿ ಒಡೆಯುವ ಜಾಗ ಬಂತು. ಅಡ್ಡಲಾಗಿ ಒಂದು ಮರದ ತುಂಡು, ಅದರಲ್ಲಿ ಅಗಲ ಬೇರೆ ಬೇರೆಯಾದ ಕಚ್ಚುಗಳು. ಒಂದೊಂದು ಕಚ್ಚಿನಿಂದ ಇಳಿದ ನೀರು ಒಂದೊಂದು ಪಾಲಿನ ಗದ್ದೆಗಳಿಗೆ. ಹಿಡುವಳಿ ಎಷ್ಟೋ ಕಚ್ಚು ಅಷ್ಟು ಅಗಲ. ಹೊಳೆಯಲ್ಲಿ ನೀರು ಇಳಿದರೆ ಎಲ್ಲರ ಪಾಲೂ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಭಾವ ಬಗ್ಗಿ ಕೂತು ಗೇಣು ಹಾಕಿ ಅಳೆದರು. ‘ಗೇಟಿಲ್ಲ, ಬೀಗವಿಲ್ಲ, ಮೀಟರಿಲ್ಲ. ಯಾರು ಬೇಕಾದರೂ ಬಂದು ನೋಡಿ ಸರಿ ಇದೆಯಾ ಅಂತ ಹೇಳಬಹುದು’ ಎಂದರು. ಪಕ್ಕದಲ್ಲೇ ಕಲ್ಲಿನ ಒಂದು ಪುಟ್ಟ ಗುಡಿ. ಅದರ ಮೇಲೆ ಅವತ್ತಿನ ಹೂವು.

ಇದನ್ನೆಲ್ಲ ನಡೆಸುವ ರೈತರ ಸಂಘವೇ ಸುಬಾಕ್. ಒಂದೇ ಮೂಲದ ನೀರು ಕುಡಿಯುವ ಗದ್ದೆಗಳ ರೈತರೆಲ್ಲ ಒಂದು ಸುಬಾಕ್, ಊರು ಬೇರೆ ಬೇರೆಯಾದರೂ. ದ್ವೀಪದಲ್ಲಿ ಇಂಥ ಸುಮಾರು 1,200 ಸಂಘಗಳಿವೆ, ಒಂದೊಂದರಲ್ಲಿ 50ರಿಂದ 400 ರೈತರು. 2012ರಲ್ಲಿ ಯುನೆಸ್ಕೋ ಈ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಬಾಕಿಗೆ ಒಬ್ಬ ಮುಖ್ಯಸ್ಥರು, ಪೆಕಾಸೆಹ್, ಸದಸ್ಯರೇ ಆರಿಸುತ್ತಾರೆ. ನಮ್ಮ ಅದೃಷ್ಟಕ್ಕೆ ಅಲ್ಲಿನ ಹಿಂದಿನ ಪೆಕಾಸೆಹ್ ಒಬ್ಬರು ಬದುವಿನ ಮೇಲೆ ಕಳೆ ಸವರುತ್ತ ಸಿಕ್ಕರು. ಬ್ಲಿ ಬಾಲಿ ಭಾಷೆಯಿಂದ ಇಂಗ್ಲಿಷಿಗೆ, ನಾನು ಇಂಗ್ಲಿಷಿನಿಂದ ಕನ್ನಡಕ್ಕೆ.

ಭಾವ ಕೇಳಿದ ಮೊದಲ ಪ್ರಶ್ನೆ, ಎಲ್ಲ ಕಾಲುವೆಗಳ ಹಳೆಯ ಪ್ರಶ್ನೆ: ‘ಮೇಲಿನವರು ನೀರು ಹಿಡಿದಿಟ್ಟುಕೊಂಡರೆ ಕೊನೆಯವರು ಏನು ಮಾಡ್ತಾರೆ?’

ಆ ಹಿರಿಯರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮೇಲಿನವರಿಗೆ ನೀರಿನ ಭಯವಿಲ್ಲ, ನಿಜ. ಆದರೆ ಹುಳುವಿನ ಭಯ ಇದೆ. ಕೆಳಗಿನವರಿಗೆ ನೀರು ಸಿಗದೆ ಅವರು ಬೇರೆ ಸಮಯಕ್ಕೆ ನಾಟಿ ಮಾಡಿದರೆ, ಒಂದು ಗದ್ದೆ ಕುಯ್ಲಾದಾಗ ಪಕ್ಕದ್ದು ಹಸಿರಾಗಿರುತ್ತದೆ. ಇಲಿ, ಜಿಗಿಹುಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ದಾಟಿಕೊಂಡೇ ಬದುಕುತ್ತವೆ. ಎಲ್ಲರೂ ಒಟ್ಟಿಗೆ ನೆಟ್ಟು ಒಟ್ಟಿಗೆ ಕುಯ್ದು ಇಡೀ ಬಯಲನ್ನು ಖಾಲಿ ಬಿಟ್ಟರೆ ಅವಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಆದರೆ ಕಣಿವೆಯ ಎಲ್ಲರೂ ಒಂದೇ ದಿನ ನಾಟಿಗೆ ಇಳಿದರೆ ನೀರು ಸಾಲದು. ಅದಕ್ಕೇ ಎಷ್ಟು ಗದ್ದೆ ಒಟ್ಟಿಗೆ, ಎಷ್ಟು ಸರದಿಯ ಮೇಲೆ ಎಂಬುದನ್ನು ಒಂದು ಸುಬಾಕ್ ತಾನೇ ನಿರ್ಧರಿಸಲಾಗದು. ಒಂದೇ ಹೊಳೆಯ ಹಲವು ಸುಬಾಕ್‌ಗಳು ದೇವಸ್ಥಾನದಲ್ಲಿ ಸೇರಿ ಗೊತ್ತುಮಾಡಬೇಕು. ಮೊದಲ ನೀರು ಬಿಡುವ ದಿನ ಮಾಪಗ್ ತೋಯ, ನೀರನ್ನು ಎದುರುಗೊಳ್ಳುವ ಪೂಜೆ. ಪೂಜೆಯ ದಿನ ಗೊತ್ತಾದರೆ ಸರದಿಯೂ ಗೊತ್ತಾದಂತೆ. ಕಾಲುವೆ ಹೂಳೆತ್ತಲು ಬಾರದವರಿಗೆ ದಂಡ, ದಂಡದ ಹಣ ಸಂಘದ ಗುಡಿಗೆ.

ಈ ಮಾತು ಎಷ್ಟು ನಿಜವೆಂದು ದ್ವೀಪ ಒಮ್ಮೆ ನಷ್ಟಪಟ್ಟು ತಿಳಿದುಕೊಂಡಿದೆ. 1966ರಲ್ಲಿ ಫಿಲಿಪ್ಪೀನ್ಸ್‌ನ ಭತ್ತ ಸಂಶೋಧನಾ ಕೇಂದ್ರದಿಂದ ಐ.ಆರ್. 8 ತಳಿ ಬಂತಲ್ಲ, ನಮ್ಮ ಊರುಗಳಲ್ಲೂ ಐ.ಆರ್. ಎಂಟು ಎಂದು ಮನೆಮಾತಾಗಿದ್ದು, ಆ ಸಾಲಿನ ಗಿಡ್ಡ ತಳಿಗಳು 1970ರ ದಶಕದಲ್ಲಿ ಬಾಲಿಗೂ ಬಂದವು. ಸರ್ಕಾರ ಹೇಳಿತು: ಬೇಗ ಬೆಳೆಯುತ್ತವೆ, ದೇವಸ್ಥಾನದ ಸರದಿಗೆ ಕಾಯಬೇಡಿ, ಎಷ್ಟು ಸಲ ಆಗುತ್ತದೋ ಅಷ್ಟು ಸಲ ನೆಡಿ. ಮೊದಮೊದಲು ಕಣಜ ತುಂಬಿತು. ಆಮೇಲೆ ಬಿಡುವೇ ಇಲ್ಲದ ಹಸಿರಿನಲ್ಲಿ ಕಂದು ಜಿಗಿಹುಳು ಸಿಡಿಯಿತು, ಒಂದು ಔಷಧಕ್ಕೆ ಬಗ್ಗದ್ದಕ್ಕೆ ಇನ್ನೊಂದು ಹೊಡೆದರು, ಎಲ್ಲರೂ ಒಂದೇ ಸಲ ನೀರಿಗೆ ಕೈಹಾಕಿ ಜಗಳವಾಯಿತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಆ ವರ್ಷಗಳಲ್ಲಿ ಬಾಲಿಯ ನೀರಿನ ದೇವಸ್ಥಾನಗಳನ್ನು ಅಭ್ಯಾಸ ಮಾಡುತ್ತಿದ್ದವರು. ಮುಂದೆ ಅವರು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆ ಎರಡು ಹೊಳೆಗಳ ಮೇಲಿನ 172 ಸುಬಾಕ್‌ಗಳ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಒಬ್ಬೊಬ್ಬರು ತಮ್ಮ ಪಾಡಿಗೆ ನೆಟ್ಟರೂ, ಇಡೀ ಕಣಿವೆ ಒಂದೇ ದಿನ ನೆಟ್ಟರೂ ಇಳುವರಿ ಕಡಿಮೆ. ನೀರಿನ ದೇವಸ್ಥಾನಗಳ ಮಟ್ಟದಲ್ಲಿ ಕೂಡಿ ನೆಟ್ಟಾಗಲೇ ಹೆಚ್ಚು. ರೈತರು ಅಷ್ಟರಲ್ಲಿ ತಾವಾಗಿಯೇ ಹಳೆಯ ಸರದಿಗೆ ಮರಳತೊಡಗಿದ್ದರು.

ವಾಪಸು ನಡೆಯುವಾಗ ಭಾವ ನೀರುಗಂಟಿಗಳ ಮಾತು ತೆಗೆದರು. ಕೋಲಾರದ ಕಡೆ ಕೆರೆಯ ತೂಬು ಎತ್ತಿ, ರಾತ್ರಿಯೆಲ್ಲ ಕಾಲುವೆ ಕಾದು, ಕೊನೆಯ ಮಡಿಗೂ ನೀರು ಮುಟ್ಟಿಸುತ್ತಿದ್ದವರು ಅವರು. ಸುಗ್ಗಿಯಲ್ಲಿ ಆಯವಾಗಿ ಒಂದಿಷ್ಟು ಧಾನ್ಯ ಕೊಡುತ್ತಿದ್ದರು. ಕೊಳವೆಬಾವಿ ಬಂದಮೇಲೆ ಕೆರೆಯ ನೀರನ್ನು ಕೇಳುವವರಿಲ್ಲದೆ ಆ ಕೆಲಸವೇ ಬಡವಾಯಿತು. ಭಾವ ಹೇಳಿದ ಇನ್ನೊಂದು ಮಾತು ನನ್ನೊಳಗೆ ಕೂತಿದೆ. ‘ನಮ್ಮ ನೀರುಗಂಟಿಗೆ ನೀರಿನ ಬಗ್ಗೆ ಎಲ್ಲ ಗೊತ್ತಿತ್ತು, ಆದರೆ ಎಷ್ಟೋ ಊರಲ್ಲಿ ಅವನು ಕಟ್ಟೆ ಮೇಲೆ ಕೂತು ಮಾತಾಡೋ ಹಾಗಿರಲಿಲ್ಲ. ಹೇಳಿದ್ದನ್ನ ಮಾಡಬೇಕಿತ್ತು ಅಷ್ಟೆ.’ ಬಾಲಿಯಲ್ಲೂ ಜಾತಿಯಿದೆ. ಆದರೆ ಸುಬಾಕಿನ ಸಭೆಯಲ್ಲಿ ಗದ್ದೆಯಿದ್ದವರೆಲ್ಲ ಸಮ, ಮಾತಿನಲ್ಲೂ ಸಮ ಎಂಬುದು ನಿಯಮವೆಂದು ಬ್ಲಿ ಹೇಳಿದ್ದರು. ಪೆಕಾಸೆಹ್ ತಾನೂ ರೈತ, ಮತ ಪಡೆದವನು, ಸಭೆಯಲ್ಲಿ ಅವನದು ಮುಂದಿನ ಜಾಗ. ನೀರು ಬಲ್ಲವನಿಗೇ ಮಾತಾಡುವ ಹಕ್ಕೂ ಸಿಕ್ಕಿದ್ದರಿಂದ ಅವರ ವ್ಯವಸ್ಥೆ ಬಾಳಿತು, ಸಿಗದ್ದರಿಂದ ನಮ್ಮದು ಸುಲಭವಾಗಿ ಕುಸಿಯಿತು ಎಂದು ನಾನು ಬಲವಾಗಿ ನಂಬುತ್ತೇನೆ.

ಅವತ್ತಿನ ಊಟವೂ ಬೇರೆಯೇ ಆಗಿತ್ತು. ದಿನಾ ನಮ್ಮನ್ನು ಇಂಡಿಯನ್ ಹೋಟೆಲಿಗೇ ಕರೆದೊಯ್ಯುತ್ತಿದ್ದರು. ಜಾತಿಲುವಿಹ್‌ನಲ್ಲಿ ಕೆಂಪಕ್ಕಿ ಅನ್ನ, ಸೋಯಾ ಕಾಳು ಹುದುಗಿಸಿ ಮಾಡಿದ ತೆಂಪೆ, ತೆಂಗಿನತುರಿ ಬೆರೆಸಿದ ಸೊಪ್ಪಿನ ಉರಾಪ್. ಕೊನೆಗೆ ದಾದಾರ್ ಗುಲುಂಗ್: ಹಸಿರು ದೋಸೆಯೊಳಗೆ ಕಾಯಿ, ತಾಳೆಬೆಲ್ಲದ ಹೂರಣ. ಮೊದಲ ಬಾರಿ ವಿಮಾನ ಹತ್ತಿದ್ದ ಆ ತಾಯಿ ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಸಸ್ಯಾಹಾರಿಗಳಿಗೆ ಬಾಲಿಯಲ್ಲಿ ಊಟ ಸಿಗುವುದಿಲ್ಲ ಎಂಬ ಹೆದರಿಕೆಯನ್ನು ಟ್ರಾವೆಲ್ಸ್‌ಗಳು ಕೈಬಿಡಬೇಕು. ಮೊದಲೇ ಹೇಳಿದರೆ, ಸೀಗಡಿ ಸೇರಿಸಿದ ಚಟ್ನಿ ಬೇಡವೆಂದರೆ, ಊರಿನ ಊಟವೇ ಹೊಟ್ಟೆ ತುಂಬಿಸುತ್ತದೆ.

ಉಲುವಾತುವಿನ ಬಂಡೆಯ ತುದಿಯಲ್ಲಿ ಸಂಜೆಯ ಕೆಚಾಕ್ ನೋಡಿದೆವು. ವಾದ್ಯವಿಲ್ಲ, ಹತ್ತಾರು ಗಂಡಸರ ಕಂಠವೇ ತಾಳ, ನಡುವೆ ಸೀತಾಪಹರಣ, ಲಂಕಾದಹನ. ಈ ರೂಪ ಬಹಳ ಹಳೆಯದಲ್ಲ. ಆವೇಶದ ಆಚರಣೆಯೊಂದರ ಗಾಯನಕ್ಕೆ ರಾಮಾಯಣ ಸೇರಿ 1930ರ ದಶಕದಲ್ಲಿ ರೂಪುಗೊಂಡದ್ದು, ವಯಾನ್ ಲಿಂಬಾಕ್ ಎಂಬ ನರ್ತಕ ಮತ್ತು ಜರ್ಮನ್ ಕಲಾವಿದ ವಾಲ್ಟರ್ ಸ್ಪೀಸ್ ಇಬ್ಬರ ಕೈ ಅದರಲ್ಲಿದೆ. ಪ್ರವಾಸಿಗರಿಗಾಗಿಯೇ ಬೆಳೆಯಿತು ಎನ್ನುವ ಕಾರಣಕ್ಕೆ ಅದನ್ನು ಕಡಿಮೆಯೆಂದು ಎಣಿಸಲು ನನಗೆ ಮನಸ್ಸಿಲ್ಲ. ಅವರ ಕಂಠ ಏರಿದಾಗ ಮೈ ಜುಮ್ಮೆಂದದ್ದು ನಿಜ. ಬಾಲಿಯವರು 1971ರಲ್ಲೇ ಸಭೆ ಸೇರಿ ನೃತ್ಯಗಳನ್ನು ಮೂರಾಗಿ ಬೇರ್ಪಡಿಸಿದರು: ದೇವರಿಗೆ ಮಾತ್ರ ಸಲ್ಲುವವು, ಉತ್ಸವದ ಜೊತೆ ನಡೆಯುವವು, ಯಾರು ಬೇಕಾದರೂ ನೋಡಬಹುದಾದವು. ತಮ್ಮದರಲ್ಲಿ ಯಾವುದು ಮಾರಾಟಕ್ಕಿಲ್ಲ ಎಂದು ಆಗಲೇ ಗೆರೆ ಎಳೆದಿಟ್ಟರು.

ನೆಲದ ವಿಷಯದಲ್ಲಿ ಅಂಥ ಗೆರೆ ಎಳೆಯುವುದು ಕಷ್ಟವಾಗಿದೆ. 2024ರಲ್ಲಿ ಬಾಲಿಗೆ ಬಂದ ವಿದೇಶಿಯರು 63 ಲಕ್ಷ, ದ್ವೀಪದ ಜನಸಂಖ್ಯೆಗಿಂತ ಹೆಚ್ಚು. ಆಸ್ಟ್ರೇಲಿಯದವರನ್ನು ಬಿಟ್ಟರೆ ಭಾರತೀಯರದೇ ದೊಡ್ಡ ಸಂಖ್ಯೆ. ದಕ್ಷಿಣದ ಚಂಗು ಕಡೆ ಬಸ್ಸಿನಲ್ಲಿ ಹೋಗುವಾಗ ಎರಡು ವಿಲ್ಲಾಗಳ ನಡುವೆ ಒಂಟಿಯಾಗಿ ಸಿಕ್ಕಿಕೊಂಡ ಗದ್ದೆಗಳನ್ನು ಬ್ಲಿ ತೋರಿಸುತ್ತ ಹೋದರು. ಮೇಲಿನ ಗದ್ದೆ ಮಾರಿ ಕಟ್ಟಡ ಎದ್ದರೆ ಕಾಲುವೆ ಅಲ್ಲಿಗೇ ಮುಚ್ಚುತ್ತದೆ. ಕೆಳಗಿನವನಿಗೆ ಬೆಳೆಯುವ ಮನಸ್ಸಿದ್ದರೂ ನೀರಿಲ್ಲ, ಅವನೂ ಮಾರುತ್ತಾನೆ. ಹೀಗೆ ಒಂದು ಸುಬಾಕ್ ಕರಗಿದರೆ ಅದರ ಗುಡಿಗೆ ತೀರ್ಥ ತರುವವರಾರು? ಬ್ಲಿಯ ಅಣ್ಣ ಗದ್ದೆ ಮಾಡುತ್ತಿದ್ದಾರೆ. ಇವರು ಗೈಡ್ ಕೆಲಸದ ಸಂಬಳದಲ್ಲಿ ಗೊಬ್ಬರಕ್ಕೆ, ಕೂಲಿಗೆ ಹಣ ಕೊಡುತ್ತಾರೆ. ‘ನೀವು ಬರುವುದರಿಂದ ನಮ್ಮ ಗದ್ದೆ ಉಳಿದಿದೆ, ನೀವು ಬರುವುದರಿಂದ ಪಕ್ಕದ್ದು ಹೋಯಿತು’ ಎಂದರು. ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ, ಎರಡನ್ನೂ ಕಣ್ಣಾರೆ ಕಂಡವರು ಹೇಳುವ ಹಾಗೆ ಹೇಳಿದರು.

ಆದ್ದರಿಂದ ಹೋಗುವವರಿಗೆ ನನ್ನ ಕೋರಿಕೆಗಳಿವೆ. 2024ರ ಫೆಬ್ರವರಿಯಿಂದ ಪ್ರತಿ ವಿದೇಶಿ ಪ್ರವಾಸಿಯೂ 1,50,000 ರುಪಿಯಾ, ನಮ್ಮ ಲೆಕ್ಕದಲ್ಲಿ ಸುಮಾರು 800 ರೂಪಾಯಿ, ಶುಲ್ಕ ಕಟ್ಟಬೇಕು. ಬಾಲಿಯ ಸಂಸ್ಕೃತಿ, ಪರಿಸರ ಉಳಿಸಲೆಂದೇ ಇರುವ ಹಣ ಅದು, ಹೊರಡುವ ಮೊದಲೇ ಕಟ್ಟಿ. ಟ್ರಾವೆಲ್ಸ್‌ನವರು ಪಟ್ಟಿ ಕೊಟ್ಟಾಗ ಶಾಪಿಂಗ್, ಪುನುಗಿನ ಕಾಫಿ, ಜೋಕಾಲಿಗೆ ಎಷ್ಟು ಹೊತ್ತು, ಜಾತಿಲುವಿಹ್‌ಗೆ ಎಷ್ಟು ಹೊತ್ತು ಎಂದು ನೋಡಿ ಮಾತಾಡಿ. ಮುಂಗಡ ಕೊಡುವ ಮೊದಲು ಹತ್ತು ಜನ ಒಟ್ಟಿಗೆ ಕೇಳಿದರೆ ಪಟ್ಟಿ ಬದಲಾಗುತ್ತದೆ. ನಾವು ಬಂದಮೇಲೆ ಅಕ್ಕ ಎಲ್ಲರ ಸಹಿ ಹಾಕಿಸಿ ಹೀಗೆಯೇ ಒಂದು ಪತ್ರ ಕೊಟ್ಟಿದ್ದಾಳೆ: ಮುಂದಿನ ಗುಂಪಿಗೆ ಅಲ್ಲಿ ಅರ್ಧ ದಿನ ಇರಲಿ, ಸುಬಾಕಿನ ಒಬ್ಬ ರೈತರಿಗೆ ಸಲ್ಲಬೇಕಾದ ಸಂಭಾವನೆ ಕೊಟ್ಟು ಅವರಿಂದಲೇ ಗದ್ದೆ ತೋರಿಸಲಿ ಎಂದು. ನೀವು ಹೋದಾಗ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ, ಬದು ಕುಸಿದರೆ ಕಟ್ಟುವವರು ಅವರು. ನೆಲದ ಮೇಲಿನ ಹೂವಿನ ತಟ್ಟೆ ದಾಟಬೇಡಿ, ಬಳಸಿ ಹೋಗಿ. ಕಾಲುವೆ ಒಡೆಯುವ ಜಾಗ ಕಂಡರೆ ನಿಂತು ಕಚ್ಚುಗಳನ್ನು ಎಣಿಸಿ. ರೈತರು ಯಾರಾದರೂ ಹತ್ತಿರ ಇದ್ದರೆ ಈ ವರ್ಷ ಮೊದಲ ನೀರು ಯಾವ ಕಡೆಗೆ ಬಿಟ್ಟರು ಎಂದು ಗೈಡ್ ಮೂಲಕ ಕೇಳಿ.